ಡಬ್ಬಗಳ ಕೆಳಗಿನ ಕಾಗದ

ಶಿಬಿರದ ಎಂಟನೇ ದಿನ ಸಂಜೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಇನ್ನೂರಕ್ಕೂ ಹೆಚ್ಚು ಫೋಟೋಗಳನ್ನು ಮುಂದೆ ಹರಡಿಕೊಂಡು ಕೂತಿದ್ದೆ. ಸಣ್ಣ ಅಳತೆಯಲ್ಲಿ ಪ್ರಿಂಟ್ ಹಾಕಿಸಿದ್ದವು. ಕೊನೆಯ ದಿನದ ಪ್ರದರ್ಶನಕ್ಕೆ ನಲವತ್ತು ಆರಿಸಬೇಕಿತ್ತು. ಬೇಕಾದವು ಬಲಕ್ಕೆ, ಬೇಡದವು ಎಡಕ್ಕೆ. ಅಡುಗೆಮನೆಯ ಶೆಲ್ಫ್ ಒಂದರ ಫೋಟೋ ಕೈಗೆ ಬಂದಾಗ ಎರಡು ಸೆಕೆಂಡೂ ನೋಡದೆ ಎಡಕ್ಕೆ ಹಾಕಿದೆ. ಸೊಟ್ಟಗಿತ್ತು. ಫ್ಲ್ಯಾಶಿನ ಬೆಳಕು ಸ್ಟೀಲ್ ಡಬ್ಬದ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಬೇರೆಯವರ ಕವಿತೆಗಳ ಬಗ್ಗೆ ವಿಮರ್ಶೆ ಬರೆದುಕೊಂಡು, ಬಿಡುವಾದಾಗ ಕ್ಯಾಮೆರಾ ಹಿಡಿದು ಅಲೆದುಕೊಂಡು ಬಂದ ನಾನು ಆ ಎರಡು ಸೆಕೆಂಡಿನಲ್ಲಿ ಮಾಡಿದ ತಪ್ಪು ಯಾವ ಜಾತಿಯದು ಎಂದು ಯೋಚಿಸುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಮೊದಲ ದಿನದಿಂದಲೇ ಹೇಳಬೇಕು.

ಏಪ್ರಿಲ್ ತಿಂಗಳ ಬೇಸಿಗೆ ಶಿಬಿರ. ಹತ್ತು ದಿನ. ಮೊದಲರ್ಧ ಶಿವಮೊಗ್ಗದಲ್ಲಿ, ಉಳಿದದ್ದು ಭದ್ರಾವತಿಯಲ್ಲಿ. ಎರಡೂ ಊರಿನ ಇಪ್ಪತ್ತೆರಡು ಮಕ್ಕಳು, ಎಂಟನೇ ತರಗತಿಯಿಂದ ಎಸೆಸೆಲ್ಸಿ ಮುಗಿಸಿದವರ ತನಕ. ಇಬ್ಬರ ಹತ್ತಿರ ಕ್ಯಾಮೆರಾ, ಉಳಿದವರ ಹತ್ತಿರ ಅಪ್ಪನದೋ ಅಮ್ಮನದೋ ಮೊಬೈಲು. ಪೋಸ್ಟರಿನಲ್ಲಿ ‘ಸೃಜನಶೀಲ ಛಾಯಾಗ್ರಹಣ’ ಎಂದು ಹಾಕಿದ್ದರು. ಆ ‘ಸೃಜನಶೀಲ’ ಎಂಬ ಮಾತಿನ ಅರ್ಥ ನನಗಿಂತ ಮಕ್ಕಳಿಗೇ ಸ್ಪಷ್ಟವಾಗಿತ್ತು. ಮೊದಲ ದಿನ ಸಂಜೆ ತುಂಗೆಯ ದಡಕ್ಕೆ ಕರೆದುಕೊಂಡು ಹೋದೆ. ಬೇಸಿಗೆಯ ಹೊಳೆ, ಬಂಡೆಗಳೆಲ್ಲ ಎದ್ದು ಕಾಣುತ್ತಿದ್ದವು. ಮಳೆಗಾಲದಲ್ಲಿ ‘ಮಂಟಪ ಮುಳುಗಿತಾ?’ ಎಂದು ಊರೆಲ್ಲ ವಿಚಾರಿಸುವ ಕೋರ್ಪಲಯ್ಯನ ಛತ್ರದ ಹತ್ತಿರದ ಆ ಮಂಟಪ ಬುಡದ ತನಕ ಒಣಗಿ ನಿಂತಿತ್ತು. ಮಕ್ಕಳು ನನ್ನ ಮಾತಿಗೆ ಕಾಯಲಿಲ್ಲ. ಒಬ್ಬ ಮುಳುಗುವ ಸೂರ್ಯನನ್ನು ಎರಡು ಬೆರಳಿನ ನಡುವೆ ಹಿಡಿದ. ಇನ್ನೊಬ್ಬಳು ಮಂಟಪವನ್ನು ಗೆಳತಿಯ ಅಂಗೈ ಮೇಲೆ ಕೂರಿಸಿದಳು. ಮೂರನೆಯವ ಬಂಡೆಯಿಂದ ಹಾರಿ, ಗಾಳಿಯಲ್ಲಿ ಪದ್ಮಾಸನ ಹಾಕಿದಂತೆ ಕಾಣುವ ಫೋಟೋ ತೆಗೆಸಿಕೊಂಡ. ಕತ್ತಲಾದ ಮೇಲೆ ಟಾರ್ಚು ತಿರುಗಿಸಿ ಗಾಳಿಯಲ್ಲಿ ಹೆಸರು ಬರೆಯುವ ಆಟವೂ ಆಯಿತು. ಎಲ್ಲವೂ ಚೆನ್ನಾಗಿಯೇ ಇದ್ದವು. ನನಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದ್ದವು.

ಬೇಸಿಗೆ ಶಿಬಿರ ನಮಗೆ ಹೊಸದಲ್ಲ. ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನ ಇತ್ತು. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಇದೆ. ನಮ್ಮದೇ ಜಿಲ್ಲೆಯ ಹೆಗ್ಗೋಡು ಇದೆ. ಅಲ್ಲೆಲ್ಲ ಮಗು ಮಣ್ಣು ಹಿಡಿದರೆ ಮಡಕೆ ಸೊಟ್ಟಗಾಗುತ್ತದೆ, ಹಾಡಿದರೆ ಶ್ರುತಿ ತಪ್ಪುತ್ತದೆ, ನಾಟಕದಲ್ಲಿ ಮಾತು ಮರೆಯುತ್ತದೆ. ಆ ತಪ್ಪಿನಲ್ಲಿ ಮಗುವಿನ ಕೈ ಕಾಣುತ್ತದೆ, ಮೇಷ್ಟರಿಗೆ ಹಿಡಿಯುವುದಕ್ಕೆ ಒಂದು ತುದಿ ಸಿಗುತ್ತದೆ. ಮೊಬೈಲ್ ಕ್ಯಾಮೆರಾ ಹಾಗಲ್ಲ. ಅದು ತಪ್ಪು ಮಾಡಲು ಬಿಡುವುದೇ ಇಲ್ಲ. ಬೆಳಕು ಅದೇ ಸರಿಮಾಡಿಕೊಳ್ಳುತ್ತದೆ, ಹಿಂದಿನದನ್ನು ಅದೇ ಮಸುಕು ಮಾಡುತ್ತದೆ. ಹದಿಮೂರು ವರ್ಷದ ಹುಡುಗನ ಮೊದಲ ಫೋಟೋವೇ ಕ್ಯಾಲೆಂಡರಿಗೆ ಹಾಕುವ ಹಾಗಿರುತ್ತದೆ. ಇಂಥವರಿಗೆ ಏನು ಕಲಿಸುವುದು?

ಎರಡನೇ ದಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ತೋರಿಸಿದೆ. ಮೈಸೂರಿನ ಸತ್ಯನ್ (1923–2009) ಡೆಕ್ಕನ್ ಹೆರಾಲ್ಡ್‌ನಿಂದ ಶುರುಮಾಡಿ ಜಗತ್ತಿನ ದೊಡ್ಡ ಪತ್ರಿಕೆಗಳಿಗೆಲ್ಲ ಚಿತ್ರ ತೆಗೆದವರು. ಸಿಡುಬು ನಿರ್ಮೂಲನೆಯ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕೆಲಸ ಮಾಡಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಎಂಬ ಅವರ ನೆನಪುಗಳ ಪುಸ್ತಕವಿದೆ. ಇದನ್ನೆಲ್ಲ ಉತ್ಸಾಹದಿಂದ ಹೇಳಿ ಮುಗಿಸಿದೆ. ಮಕ್ಕಳು ಮರ್ಯಾದೆಯಿಂದ ನೋಡಿದರು. ಆಮೇಲೆ ಬಂಡೆಯಿಂದ ಹಾರಿದ್ದ ಹುಡುಗ ಕೈ ಎತ್ತಿದ.

‘ಚೆನ್ನಾಗಿದೆ ಸರ್. ಆದ್ರೆ ಇದ್ರಲ್ಲಿ ಕ್ರಿಯೇಟಿವ್ ಏನಿದೆ?’

ತಮಾಷೆಗೆ ಕೇಳಿದ್ದಲ್ಲ. ಸತ್ಯನ್ ಅವರ ಚಿತ್ರದಲ್ಲಿ ಸೂರ್ಯನನ್ನು ಯಾರೂ ಚಿವುಟುವುದಿಲ್ಲ. ಮಕ್ಕಳು ಮಕ್ಕಳಾಗಿರುತ್ತಾರೆ, ಕ್ಯಾಮೆರಾ ಅವರ ಎತ್ತರಕ್ಕೆ ಇಳಿದಿರುತ್ತದೆ. ಏನೋ ಮಾಡಿದ್ದಾರೆ ಎಂದು ತೋರುವುದೇ ಇಲ್ಲ. ಮಾಡಿದ್ದು ಕಾಣದಿದ್ದರೆ ಅದನ್ನು ಸೃಜನಶೀಲ ಎಂದು ಹೇಗೆ ಕರೆಯುವುದು ಎನ್ನುವುದು ಹುಡುಗನ ಪ್ರಶ್ನೆ. ನಾನು ಏನೋ ಉತ್ತರ ಕೊಟ್ಟೆ. ಅದು ಅವನಿಗೂ ಸಮಾಧಾನ ತರಲಿಲ್ಲ, ನನಗೂ ತರಲಿಲ್ಲ.

ರಾತ್ರಿ ನೆನಪಾದದ್ದು ಆನಂದವರ್ಧನ. ಎಂ.ಎ. ಓದುವಾಗ ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗಾಗಿ ಉರುಹೊಡೆದವರಿಗೆಲ್ಲ ಗೊತ್ತಿರುವ ವಿಷಯವೇ. ಕನ್ನಡದಲ್ಲಿ ಕವಿರಾಜಮಾರ್ಗ ಹುಟ್ಟಿದ ಅದೇ ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಈ ಮೀಮಾಂಸಕ ಕಾವ್ಯವನ್ನು ಮೂರಾಗಿ ವಿಂಗಡಿಸಿದ. ಧ್ವನಿ ಪ್ರಧಾನವಾದದ್ದು ಮೊದಲನೆಯದು. ಧ್ವನಿ ಇದ್ದೂ ಅದು ಅಡಿಯಾಳಾಗಿರುವುದು ಎರಡನೆಯದು. ಧ್ವನಿಯ ಕಡೆಗೆ ಗಮನವೇ ಇಲ್ಲದೆ ಬರೀ ಮಾತಿನ ಅಥವಾ ಅರ್ಥದ ಚಮತ್ಕಾರಕ್ಕೆ ನಿಂತದ್ದು ಮೂರನೆಯದು. ಈ ಮೂರನೆಯದಕ್ಕೆ ಅವನು ಕೊಟ್ಟ ಹೆಸರು ‘ಚಿತ್ರ’. ಚಕ್ರಬಂಧ, ಮುರಜಬಂಧದಂಥ ಅಕ್ಷರದಾಟಗಳೆಲ್ಲ ಇದೇ ಗುಂಪಿನವು. ಅವು ಕಾವ್ಯವಲ್ಲ, ಕಾವ್ಯದ ಅನುಕರಣೆ ಎನ್ನುವ ತನಕ ಅವನು ಹೋಗುತ್ತಾನೆ. ಸಾವಿರ ವರ್ಷದ ಮೇಲೆ ಶಿವಮೊಗ್ಗದ ಹೊಳೆದಡದಲ್ಲಿ ನಿಂತು ನೋಡಿದರೆ ಆ ಹೆಸರು ಎಷ್ಟು ಚುಚ್ಚುತ್ತದೆ! ಸೂರ್ಯನನ್ನು ಬೆರಳಲ್ಲಿ ಹಿಡಿಯುವುದು ಅಪ್ಪಟ ಚಿತ್ರಕಾವ್ಯ. ‘ಅರೆ!’ ಅನಿಸುತ್ತದೆ, ಹೇಗೆ ಮಾಡಿದ್ದು ಎಂದು ತಿಳಿಯುತ್ತದೆ, ಅಲ್ಲಿಗೆ ಮುಗಿಯುತ್ತದೆ. ಎರಡನೇ ಸಲ ನೋಡುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಇಷ್ಟೇ ಆಗಿದ್ದರೆ ನಾನು ಮಕ್ಕಳ ಮೇಲೆ ತೀರ್ಪು ಕೊಟ್ಟು ಆರಾಮಾಗಿ ಇರಬಹುದಿತ್ತು. ಆದರೆ ಆನಂದವರ್ಧನ ಒಳ್ಳೆಯ ಮೇಷ್ಟರೂ ಆಗಿದ್ದಿರಬೇಕು. ಅದೇ ಭಾಗದಲ್ಲಿ, ಅಭ್ಯಾಸ ಮಾಡುತ್ತಿರುವ ಹೊಸಬರು ಬೇಕಾದರೆ ಚಿತ್ರದಲ್ಲಿ ಕೈಯಾಡಿಸಲಿ, ಪಳಗಿದವರಿಗೆ ಮಾತ್ರ ಧ್ವನಿಯೇ ಕಾವ್ಯ ಎಂಬರ್ಥದ ಮಾತನ್ನು ಸೇರಿಸುತ್ತಾನೆ. ಹಾಗಾಗಿ ಮೂರನೇ ದಿನ ನಾನು ಚಮತ್ಕಾರಗಳನ್ನೇ ಕಲಿಸಿದೆ. ಶಟರ್ ಎಂದರೇನು, ಅದು ನಿಧಾನವಾದರೆ ಓಡುವ ಆಟೋ ಯಾಕೆ ಗೆರೆಯಾಗುತ್ತದೆ, ಗಾಂಧಿ ಬಜಾರಿನ ಹೂವಿನಂಗಡಿಯ ಮೇಲೆ ಬೀಳುವ ಬಿಸಿಲನ್ನು ಎದುರಿನಿಂದ ಹಿಡಿದರೆ ಏನಾಗುತ್ತದೆ, ಬೆನ್ನಿಗಿಟ್ಟುಕೊಂಡರೆ ಏನಾಗುತ್ತದೆ. ಫ್ರೇಮನ್ನು ಮೂರು ಭಾಗ ಮಾಡುವ ನಿಯಮ ಹೇಳಿಕೊಟ್ಟು, ಅದನ್ನು ಮುರಿಯುವುದನ್ನೂ ಹೇಳಿದೆ. ಮಕ್ಕಳು ಖುಷಿಯಾಗಿದ್ದರು. ಪೋಷಕರೂ ಖುಷಿಯಾಗಿದ್ದರು, ಪ್ರತಿ ರಾತ್ರಿ ವಾಟ್ಸಾಪಿನಲ್ಲಿ ಹಾಕಲು ಏನಾದರೊಂದು ಸಿಗುತ್ತಿತ್ತಲ್ಲ.

ನಡುವೆ ಅಮೆರಿಕದ ವೆಂಡಿ ಈವಾಲ್ಡ್ ಅವರಿಂದ ಒಂದು ಪಾಠ ಕದ್ದೆ. 1970ರ ದಶಕದಲ್ಲಿ ಆಕೆ ಕೆಂಟಕಿಯ ಕಲ್ಲಿದ್ದಲು ಗಣಿಗಳ ಗುಡ್ಡಗಾಡಿನ ಶಾಲೆಗಳಲ್ಲಿ ಮಕ್ಕಳಿಗೆ ಕ್ಯಾಮೆರಾ ಕಲಿಸಿದರು. ಆ ಮಕ್ಕಳ ಚಿತ್ರಗಳು 1985ರಲ್ಲಿ ‘ಪೋರ್ಟ್ರೇಟ್ಸ್ ಅಂಡ್ ಡ್ರೀಮ್ಸ್’ ಎಂಬ ಪುಸ್ತಕವಾದವು. ನಿನ್ನ ಮನೆಯವರನ್ನು ತೆಗೆ, ನಿನ್ನ ಪ್ರಾಣಿಗಳನ್ನು ತೆಗೆ, ನಿನ್ನ ಕನಸನ್ನು ತೆಗೆ ಎನ್ನುವುದು ಆಕೆಯ ಕ್ರಮ. ಅದರಲ್ಲೊಬ್ಬ ಹುಡುಗ ಜೀವದ ಗೆಳೆಯನನ್ನು ಕೊಂದಂತೆ ಬಿದ್ದ ಕನಸನ್ನು, ಆ ಗೆಳೆಯನನ್ನೇ ಮರದ ಕವಲಿನಲ್ಲಿ ಮಲಗಿಸಿ, ತೆಗೆದಿದ್ದಾನೆ. ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ. ಚಮತ್ಕಾರ ಅಲ್ಲೂ ಇದೆ, ನಟನೆಯೂ ಇದೆ. ಆದರೆ ಅದಕ್ಕೆ ಹೆದರಿಕೆಯ ಭಾರ ಇದೆ. ನನ್ನ ಮಕ್ಕಳ ಕನಸುಗಳು ಹೆಚ್ಚಿನವು ರೀಲ್ಸ್‌ನಿಂದ ಬಂದಿದ್ದವು. ಬಿಳಿ ಬಟ್ಟೆಯ ದೆವ್ವಗಳು ಮೂರು ಬಂದವು. ಆ ಪಾಠ ಅಷ್ಟಕ್ಕೇ ನಿಂತಿತು.

ಆರನೇ ದಿನ ರೈಲು ಹತ್ತಿ ಭದ್ರಾವತಿಗೆ ಹೋದೆವು. ಈಗ ಯೋಚಿಸಿದರೆ ಚಮತ್ಕಾರದ ದೊಡ್ಡ ಪಾಠವನ್ನು ನಾನು ಮಾಡಿದ್ದು ಅಲ್ಲಿ, ಅದನ್ನು ಗಂಭೀರ ಕಲೆ ಎಂದುಕೊಂಡು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ ಇರುವ ಹಳೆಯ ಊರಾದರೂ ಅದನ್ನು ಇವತ್ತಿನ ಊರಾಗಿ ಮಾಡಿದ್ದು ಎರಡು ಕಾರ್ಖಾನೆಗಳು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಕಲ್ಲಿದ್ದಲು ಹತ್ತಿರದಲ್ಲಿ ಇಲ್ಲದ್ದಕ್ಕೆ ಮಲೆನಾಡಿನ ಕಾಡಿನ ಇದ್ದಿಲಿನಲ್ಲೇ ಕಬ್ಬಿಣ ಕರಗಿಸಿದರು. ವಿಶ್ವೇಶ್ವರಯ್ಯನವರು ಅದರ ಆಡಳಿತ ನೋಡಿಕೊಂಡರು, ಆಮೇಲೆ ಅದಕ್ಕೆ ಅವರದೇ ಹೆಸರಾಯಿತು. 1930ರ ದಶಕದಲ್ಲಿ ಮೈಸೂರು ಪೇಪರ್ ಮಿಲ್ಸ್ ಬಂತು. ಅದರ ಸುತ್ತ ಪೇಪರ್ ಟೌನ್ ಎಂಬ ಊರೇ ಬೆಳೆಯಿತು. ಕಾಗದದ ಕಾರ್ಖಾನೆ ಸುಮಾರು 2015ರಲ್ಲಿ ನಿಂತುಹೋಯಿತು. ಉಕ್ಕಿನ ಕಾರ್ಖಾನೆಗೆ ನೂರು ತುಂಬುವ ಹೊತ್ತಿಗೆ, 2023ರ ಜನವರಿಯಲ್ಲಿ, ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಧರಣಿ ಕೂತರು, ಅದೇ ವರ್ಷ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಇರುತ್ತದೋ ಹೋಗುತ್ತದೋ ಎನ್ನುವ ಮಾತು ಇಲ್ಲಿನ ಟೀ ಅಂಗಡಿಗಳಲ್ಲಿ ಹವಾಮಾನದ ಮಾತಿನಷ್ಟು ಸಾಮಾನ್ಯ.

ಇದನ್ನೆಲ್ಲ ಮಕ್ಕಳಿಗೆ ಹೇಳಿ, ಇವತ್ತಿನ ವಿಷಯ ‘ನಿಂತುಹೋದದ್ದು’ ಎಂದೆ. ಕಾಂಪೌಂಡಿನ ಹೊರಗಿನಿಂದ ತೆಗೆಯಿರಿ ಎಂದೆ. ಇಪ್ಪತ್ತೆರಡು ಮಕ್ಕಳೂ ಅದ್ಭುತವಾಗಿ ತೆಗೆದರು. ಗೇಟಿಗೆ ಸುತ್ತಿಕೊಂಡ ಬಳ್ಳಿ, ತುಕ್ಕು, ಒಡೆದ ಗಾಜು, ಹೊಗೆಯಿಲ್ಲದ ಚಿಮಣಿಯ ಹಿಂದೆ ಸಂಜೆಯ ಕೆಂಪು. ನಾನು ‘ವ್ಹಾ’ ಎಂದೆ. ಕಾವಲುಗಾರರೊಬ್ಬರು ಬಂದು, ‘ಏನ್ರೀ, ಇಷ್ಟೊಂದು ಫೋಟೋ ತೆಗೀತಿದೀರಲ್ಲ, ಮದುವೆ ಮನೆನಾ ಇದು?’ ಎಂದು ಗದರಿದಾಗಲೂ ನನಗೆ ಬುದ್ಧಿ ಬರಲಿಲ್ಲ.

ತುಕ್ಕಿಗೂ ಕ್ಯಾಮೆರಾಕ್ಕೂ ಮೊದಲಿಂದ ಸ್ನೇಹ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಕಾರು ಕಾರ್ಖಾನೆಗಳು ಮುಚ್ಚಿದ ಮೇಲೆ ಅಲ್ಲಿನ ಪಾಳು ಕಟ್ಟಡಗಳನ್ನು ತೆಗೆದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಫ್ರಾನ್ಸಿನ ಮರ್ಶಾ ಮತ್ತು ಮೆಫ್ ಜೋಡಿಯ 2010ರ ಪುಸ್ತಕ ಅವುಗಳಲ್ಲಿ ಪ್ರಸಿದ್ಧ. ಪಾಳನ್ನು ಚಪ್ಪರಿಸುವ ಈ ಚಟದ ಬಗ್ಗೆ ಅಲ್ಲಿನವರು ಸಿಟ್ಟಿನಿಂದಲೇ ಬರೆದರು. ಕಟ್ಟಡ ಕಾಣುತ್ತದೆ, ಅಲ್ಲಿ ಇನ್ನೂ ಬದುಕುತ್ತಿರುವವರು ಕಾಣುವುದಿಲ್ಲ ಎನ್ನುವುದು ಅವರ ತಕರಾರು. ಅದನ್ನು ಓದಿದ್ದ ನಾನೇ ಅದೇ ಕೆಲಸ ಮಾಡಿಸಿದೆ. ಸೂರ್ಯನನ್ನು ಚಿವುಟುವ ಹುಡುಗನ ಆಟದಲ್ಲಿ ಕನಿಷ್ಠ ಯಾರ ದುಃಖವೂ ಬಳಕೆಯಾಗಿರಲಿಲ್ಲ.

ಮಾರನೇ ದಿನದ ಕೆಲಸ ಸುಲಭದ್ದಿರಲಿ ಎಂದು ‘ನಿಮ್ಮ ಮನೆಯಲ್ಲಿ ಯಾರೂ ನೋಡದ ಒಂದು ಜಾಗ’ ಎಂದು ಕೊಟ್ಟಿದ್ದೆ. ಆ ಶೆಲ್ಫಿನ ಫೋಟೋ ಬಂದದ್ದು ಅದಕ್ಕೆ.

ತೆಗೆದವಳು ಒಂಬತ್ತನೇ ತರಗತಿಯ ಹುಡುಗಿ, ಪೇಪರ್ ಟೌನಿನ ಕಡೆಯವಳು. ಹೆಚ್ಚು ಮಾತಾಡುವವಳಲ್ಲ. ಕಾರ್ಖಾನೆಯ ದಿನ ಅವಳೂ ಎಲ್ಲರಂತೆ ಗೇಟು ತೆಗೆದಿದ್ದಳು. ಆರಿಸಿದ ಫೋಟೋಗಳ ಪಟ್ಟಿಯನ್ನು ಒಂಬತ್ತನೇ ದಿನ ಬೆಳಿಗ್ಗೆ ಗೋಡೆಗೆ ಅಂಟಿಸಿದಾಗ ಹತ್ತಿರ ಬಂದು ನಿಂತಳು.

‘ಸರ್, ನನ್ನ ಶೆಲ್ಫ್ ಫೋಟೋ ಯಾಕೆ ತಗೊಂಡಿಲ್ಲ?’

ಸೊಟ್ಟಗಿದೆ, ಫ್ಲ್ಯಾಶ್ ಹೊಡೆದಿದೆ ಎಂದೆ. 

‘ಅದು ಗೊತ್ತು ಸರ್. ಕಾಗದ ನೋಡಿದ್ರಾ?’

ಎಡದ ರಾಶಿಯಿಂದ ತೆಗೆದು ನೋಡಿದೆ. ಡಬ್ಬಗಳ ಸಾಲು: ಸಕ್ಕರೆ, ಚಹಾಪುಡಿ, ಬೇಳೆ, ಒಂದರ ಮುಚ್ಚಳ ಇನ್ನೊಂದಕ್ಕೆ. ಅವುಗಳ ಕೆಳಗೆ ಶೆಲ್ಫಿಗೆ ಹಾಸಿದ ಕಾಗದ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಬ್ಬದ ಮುಂಚೆ ಹಳೆಯ ಪೇಪರು ತೆಗೆದು ಹೊಸದನ್ನು ಹಾಸುತ್ತಾರೆ. ಅಂಚನ್ನು ಮಡಿಸಿ ಮಡಿಸಿ ಕತ್ತರಿಯಿಂದ ತ್ರಿಕೋನ ತ್ರಿಕೋನವಾಗಿ ಕತ್ತರಿಸಿ ತೋರಣದ ಹಾಗೆ ಇಳಿಬಿಡುತ್ತಾರೆ. ಇಲ್ಲಿ ಹಾಸಿದ್ದು ಓದಿ ಮುಗಿಸಿದ ಪೇಪರಲ್ಲ, ಏನೂ ಅಚ್ಚಾಗದ ಖಾಲಿ ಹಾಳೆ. ಒಂದು ಕಾಲದಲ್ಲಿ ಬಿಳಿ ಇದ್ದದ್ದು ಹಳದಿಗೆ ತಿರುಗಿತ್ತು. ಎಣ್ಣೆಯ ಡಬ್ಬದ ಕೆಳಗೆ ಒಂದು ದುಂಡನೆಯ ಕಲೆ. ತೋರಣದ ಹಲ್ಲುಗಳಲ್ಲಿ ಎರಡೋ ಮೂರೋ ಹರಿದು ಹೋಗಿದ್ದವು. ಒಂದನ್ನು ಒಳಗಿನಿಂದ ಟೇಪು ಹಚ್ಚಿ ನಿಲ್ಲಿಸಿದ್ದರು.

‘ಅದು ಎಂಪಿಎಂ ಕಾಗದ ಸರ್. ಅಜ್ಜ ಅಲ್ಲೇ ಇದ್ದಿದ್ದು. ಮನೇಲಿ ಒಂದು ಕಟ್ಟು ಇತ್ತು, ಮುಗೀತು. ಇದೇ ಕೊನೇದು. ಅದಕ್ಕೇ ಅಮ್ಮ ನಾಲ್ಕು ವರ್ಷದಿಂದ ತೆಗೀತಿಲ್ಲ.’

ಸ್ವಲ್ಪ ಹೊತ್ತು ಏನು ಹೇಳಬೇಕೆಂದು ತೋಚಲಿಲ್ಲ. ನಿಂತುಹೋದ ಕಾರ್ಖಾನೆಯನ್ನು ನಾನು ಇಪ್ಪತ್ತೆರಡು ಮಕ್ಕಳ ಕೈಯಲ್ಲಿ ಕಾಂಪೌಂಡಿನ ಹೊರಗಿನಿಂದ ಹುಡುಕಿಸುತ್ತಿದ್ದೆ. ಅದು ಸಕ್ಕರೆ ಡಬ್ಬದ ಕೆಳಗೆ ಇತ್ತು.

ಆದರೆ ವಿಮರ್ಶಕನ ಬುದ್ಧಿ ಸುಮ್ಮನಿರುವುದಿಲ್ಲ. ಅವಳ ಮಾತು ಕೇಳದಿದ್ದರೆ ಈ ಫೋಟೋಕ್ಕೆ ಇದೇ ಬೆಲೆ ಇರುತ್ತಿತ್ತೇ? ಅಡಿಬರಹ ಬೇಡುವ ಚಿತ್ರ ಚಿತ್ರವಾಗಿ ಸೋತಂತಲ್ಲವೇ? ರೋಲಾ ಬಾರ್ತ್ 1980ರ ‘ಕ್ಯಾಮೆರಾ ಲೂಸಿಡಾ’ದಲ್ಲಿ ತನ್ನ ತೀರಿಹೋದ ತಾಯಿಯ ಬಾಲ್ಯದ ಒಂದು ಫೋಟೋ ಸಿಕ್ಕಿದ್ದರ ಬಗ್ಗೆ ಪುಟಗಟ್ಟಲೆ ಬರೆಯುತ್ತಾನೆ, ಅದನ್ನು ಮಾತ್ರ ಪುಸ್ತಕದಲ್ಲಿ ಅಚ್ಚು ಹಾಕುವುದಿಲ್ಲ. ಅದು ತನಗೊಬ್ಬನಿಗೇ ಇರುವುದು, ನಮಗದು ಸಾವಿರದಲ್ಲೊಂದು ಹಳೆಯ ಫೋಟೋ ಅಷ್ಟೇ ಎಂದು ಅವನ ವಾದ. ಶೆಲ್ಫಿನ ಫೋಟೋ ಕೂಡ ಹೀಗೆ ಆ ಮನೆಯವರಿಗೆ ಮಾತ್ರ ಮಿಡಿಯುವಂಥದ್ದು ಎನ್ನಬಹುದಲ್ಲ?

ಎರಡು ದಿನ ಇದನ್ನೇ ತಲೆಯಲ್ಲಿ ತಿರುಗಿಸಿದೆ. ಹಾಗಲ್ಲ ಎಂದೇ ನನಗನಿಸುತ್ತದೆ. ಮಿಲ್ಲಿನ ಹೆಸರು, ಅಜ್ಜನ ಕೆಲಸ ಇವು ಚಿತ್ರದಲ್ಲಿಲ್ಲ, ನಿಜ. ಆದರೆ ಬದಲಿಸಬೇಕಾದ ಕಾಗದವನ್ನು ಯಾರೋ ಬದಲಿಸುತ್ತಿಲ್ಲ ಎನ್ನುವುದು ಚಿತ್ರದಲ್ಲೇ ಇದೆ. ಡಬ್ಬಗಳು ಥಳಥಳ ಹೊಳೆಯುತ್ತವೆ, ಅಂದರೆ ಇದು ಅಚ್ಚುಕಟ್ಟಿನ ಮನೆ. ಇಷ್ಟು ಅಚ್ಚುಕಟ್ಟಿನ ಹೆಂಗಸು ಕೊಳೆಯಾದ ಹಾಳೆಯನ್ನು ಎಳೆದು ಬಿಸಾಕದೆ ಅದರ ಹರಿದ ಹಲ್ಲಿಗೆ ಟೇಪು ಹಚ್ಚಿದ್ದಾಳೆ. ಯಾಕೆ? ಆ ‘ಯಾಕೆ’ ಚಿತ್ರದೊಳಗೇ ಹುಟ್ಟುತ್ತದೆ, ಅದಕ್ಕೆ ಅಡಿಬರಹ ಬೇಕಿಲ್ಲ. ಹುಡುಗಿಯ ಮಾತು ಉತ್ತರ ಕೊಟ್ಟಿತು, ಪ್ರಶ್ನೆ ಮೊದಲೇ ಅಲ್ಲಿತ್ತು. ನನ್ನ ಕಣ್ಣು ಎರಡು ಸೆಕೆಂಡಿನಲ್ಲಿ ಗುರುತಿಸಿದ್ದು ಫ್ಲ್ಯಾಶನ್ನು ಮಾತ್ರ. ಆ ಫ್ಲ್ಯಾಶನ್ನೂ ಈಗ ನೋಡಿದರೆ ಬೇರೆಯೇ ಕಾಣುತ್ತದೆ. ಡಬ್ಬದ ಹೊಳಪಿನಲ್ಲಿ, ಬೆಳಕಿನ ಗುಂಡಿನ ಪಕ್ಕ, ಮೊಬೈಲ್ ಎತ್ತಿ ಹಿಡಿದ ಪುಟ್ಟ ಆಕೃತಿಯೊಂದಿದೆ. ಅದು ಬೇಕೆಂದು ಮಾಡಿದ್ದಾ ಎಂದು ಕೇಳಿದೆ. ‘ಇಲ್ಲ ಸರ್, ಬಂದ್ಬಿಟ್ಟಿದೆ’ ಎಂದಳು. ಗೇಟಿನ ಫೋಟೋಗಳಲ್ಲಿ ತೆಗೆದವರು ಯಾರೂ ‘ಬಂದ್ಬಿಟ್ಟಿರಲಿಲ್ಲ’.

ಫೋಟೋವನ್ನು ಬಲದ ರಾಶಿಗೆ ಸೇರಿಸಿದೆ. ಅಲ್ಲಿಗೂ ನನ್ನ ತಪ್ಪುಗಳು ಮುಗಿಯಲಿಲ್ಲ. ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಅದನ್ನು ತೋರಿಸಿ ಧ್ವನಿ ಎಂದರೇನು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಮಾರನೇ ದಿನ ಬೆಳಿಗ್ಗೆ ಐದು ಮಕ್ಕಳು ಹೊಸ ಫೋಟೋ ತಂದರು. ಅಜ್ಜಿಯ ಕನ್ನಡಕ, ಒಡೆದ ಕಪ್ಪು, ಹಳೆಯ ರೇಡಿಯೋ, ಮತ್ತೆರಡು ಶೆಲ್ಫು. ಬೆಳಕು ಚೆನ್ನಾಗಿತ್ತು, ಕೋನ ಚೆನ್ನಾಗಿತ್ತು. ಒಬ್ಬನಂತೂ ಕನ್ನಡಕದ ಪಕ್ಕ ಒಣಗಿದ ಹೂವೊಂದನ್ನು ತಾನೇ ಇಟ್ಟಿದ್ದ. ‘ಧ್ವನಿ ಇದೆಯಾ ಸರ್?’ ಎಂದು ಕೇಳಿದ. ಒಂದೇ ರಾತ್ರಿಯಲ್ಲಿ ಧ್ವನಿಯೂ ಚಮತ್ಕಾರವಾಗಿಬಿಟ್ಟಿತ್ತು. ನವ್ಯದ ಕಾಲದಲ್ಲಿ ಒಂದು ಪ್ರತಿಮೆ ಗೆದ್ದ ಕೂಡಲೇ ಅದೇ ಪ್ರತಿಮೆಯ ಐವತ್ತು ಕವಿತೆಗಳು ಬರುತ್ತಿದ್ದವಲ್ಲ, ಹಾಗೆ. ಅವನನ್ನು ಬೈಯಲು ನನಗೆ ಯಾವ ಹಕ್ಕೂ ಇರಲಿಲ್ಲ. ಹೂವು ತೆಗೆದು ಇನ್ನೊಂದು ಸಲ ತೆಗೆದು ನೋಡು ಎಂದೆ, ಅಷ್ಟೇ.

ಹೊರಗಿನವರು ಬಂದು ಮಕ್ಕಳಿಗೆ ಕ್ಯಾಮೆರಾ ಕೊಡುವ ಕತೆಯಲ್ಲಿ ಈ ಅಪಾಯ ಯಾವಾಗಲೂ ಇದೆ. ಕೊಲ್ಕತ್ತದ ಸೋನಾಗಾಚಿಯ ಮಕ್ಕಳ ಬಗೆಗಿನ ‘ಬಾರ್ನ್ ಇನ್‌ಟು ಬ್ರಾಥೆಲ್ಸ್’ (2004) ಆಸ್ಕರ್ ಪಡೆಯಿತು. ಅದನ್ನು ನೋಡಿ ಮುಗಿಸಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಮಕ್ಕಳ ಫೋಟೋಗಳಿಗಿಂತ ಹೆಚ್ಚಾಗಿ ಅವರಿಗಾಗಿ ಓಡಾಡಿದ ಮೇಡಂ. ಈ ಲೇಖನದಲ್ಲೂ ಶೆಲ್ಫಿಗಿಂತ ನಾನೇ ಹೆಚ್ಚು ಜಾಗ ಹಿಡಿದಿದ್ದೇನೆ ಎನ್ನುವುದು ನನಗೆ ಗೊತ್ತಿದೆ.

ಪ್ರದರ್ಶನ ಹತ್ತನೇ ದಿನ ಸಂಜೆ ನಡೆಯಿತು. ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಫೋಟೋಗಳನ್ನು ಸಿಕ್ಕಿಸಿದ್ದೆವು. ನೋಡಲು ಬಂದವರಿಂದ ಮತ ಹಾಕಿಸಿದರು, ಗಾಳಿಯಲ್ಲಿ ಪದ್ಮಾಸನ ಹಾಕಿದ ಹುಡುಗನಿಗೆ ಮೊದಲ ಸ್ಥಾನ ಬಂತು. ಬರಬೇಕಾದ್ದೇ, ಅದು ನಿಜಕ್ಕೂ ಒಳ್ಳೆಯ ಹಾರಾಟ. ಶೆಲ್ಫಿನ ಕೆಳಗೆ ಏನಾದರೂ ಬರೆಯಬೇಕಾ ಎಂದು ಹುಡುಗಿಯನ್ನು ಕೇಳಿದ್ದೆ. ಬೇಡ ಎಂದಿದ್ದಳು. ಬಂದವರಲ್ಲಿ ಹೆಚ್ಚಿನವರು ನನ್ನ ಹಾಗೇ ಎರಡು ಸೆಕೆಂಡು ನೋಡಿ ಮುಂದೆ ಹೋದರು. ಪೇಪರ್ ಟೌನಿನವರೇ ಇರಬೇಕು, ವಯಸ್ಸಾದ ಇಬ್ಬರು ನಿಂತು, ಬೆರಳಿನಿಂದ ಹಾಳೆಯ ಅಂಚನ್ನು ತೋರಿಸುತ್ತ ಏನೋ ಮಾತಾಡಿಕೊಂಡರು. ನನಗೆ ಕೇಳಿಸಲಿಲ್ಲ.

ಆಮೇಲೆ ಅವಳ ಅಮ್ಮ ಬಂದರು. ಫೋಟೋ ಮುಂದೆ ನಿಂತವರೇ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡರು. 

‘ಅಯ್ಯೋ, ಇದನ್ಯಾಕೆ ತೆಗೆದೆ ಮಾರಾಯ್ತಿ! ಒಂದು ಮಾತು ಹೇಳಿದ್ರೆ ಕಾಗದ ಆದ್ರೂ ಬದಲಾಯಿಸ್ತಿದ್ದೆ.’